ಗಾಳಿಯ ಎಳೆತ: ಕಾರ್ಡೋಬಾದಿಂದ ಬೆಂಗಳೂರಿನವರೆಗೆ

ನಮ್ಮ ಹುನಗುಂದ ತಾಲೂಕಿನ ಐಹೊಳೆಗೋ ಬಾದಾಮಿಯ ಗುಹೆಗಳಿಗೋ ಹೋದಾಗ ಹಾರುವ ಗಂಧರ್ವರ ಶಿಲ್ಪಗಳನ್ನು ನೀವು ನೋಡಿರಬೇಕು. ಕಾಲುಗಳನ್ನು ಹಿಂದಕ್ಕೆ ಮಡಚಿದ ಆ ಭಂಗಿಯಲ್ಲಿ ವೇಗ ಕಾಣುತ್ತದೆ. ಅದು ಚಾಲುಕ್ಯ ಶಿಲ್ಪಿಯ ಕಲ್ಪನೆಯೇ ಹೊರತು ವಿಮಾನಶಾಸ್ತ್ರವಲ್ಲ. ಕಲ್ಪನೆ ಮೊದಲು ಬಂತು, ಶಾಸ್ತ್ರ ಬಹಳ ತಡವಾಗಿ ಬಂತು.

ಪವಿತ್ರ ಕುರ್‌ಆನಿನ ಅಲ್-ಮುಲ್ಕ್ ಅಧ್ಯಾಯವೂ ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗಳತ್ತ ನಮ್ಮ ಗಮನ ಸೆಳೆಯುತ್ತದೆ. ಒಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಕಾರ್ಡೋಬಾದಲ್ಲಿದ್ದ ಅಬ್ಬಾಸ್ ಇಬ್ನ್ ಫಿರ್ನಾಸ್ ಗರಿಗಳ ರೆಕ್ಕೆ ಕಟ್ಟಿಕೊಂಡು ಸ್ವಲ್ಪ ದೂರ ಹಾರಿ, ಇಳಿಯುವಾಗ ಬೆನ್ನಿಗೆ ಪೆಟ್ಟು ಮಾಡಿಕೊಂಡರೆಂದು 17ನೆಯ ಶತಮಾನದ ಇತಿಹಾಸಕಾರ ಅಲ್-ಮಕ್ಕರಿ ದಾಖಲಿಸಿದ್ದಾರೆ. ಹಕ್ಕಿ ಇಳಿಯುವಾಗ ಬಾಲದ ನೆರವು ಪಡೆಯುತ್ತದೆ. ಇವರು ಬಾಲ ಕಟ್ಟಿಕೊಂಡಿರಲಿಲ್ಲ. ಸಭೆಗಳಲ್ಲಿ ಈ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಬಾಲದ ಪಾಠವನ್ನು ಮಾತ್ರ ಹೇಳುವುದಿಲ್ಲ.

ಹಾರುವ ವಿಮಾನವನ್ನು ಗಾಳಿ ಹಿಂದಕ್ಕೆ ಎಳೆಯುತ್ತದೆ. ಈ ಎಳೆತದಲ್ಲಿ ಒಂದು ಪಾಲು, ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲು ತೆರುವ ಬೆಲೆ. ಇನ್ನೊಂದು ಪಾಲು ಎತ್ತುವ ಕೆಲಸಕ್ಕೆ ನೆರವಾಗದೆ ಇಂಧನವನ್ನು ಮಾತ್ರ ತಿನ್ನುತ್ತದೆ. ಅದಕ್ಕೇ ಅದನ್ನು ಪರೋಪಜೀವಿ ಎಳೆತ ಎನ್ನುತ್ತಾರೆ. ಮೊಂಡು ಆಕಾರ, ಮೈಯ ಘರ್ಷಣೆ, ರೆಕ್ಕೆ ಮತ್ತು ಒಡಲು ಕೂಡುವಲ್ಲಿ ಗಾಳಿಯ ತೊಡಕು ಇದಕ್ಕೆ ಕಾರಣಗಳು. ವೇಗ ಎರಡು ಪಟ್ಟಾದರೆ ಈ ಎಳೆತ ಸುಮಾರು 4 ಪಟ್ಟಾಗುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ 8 ಪಟ್ಟಾಗುತ್ತದೆ. ಎದುರುಗಾಳಿಯಲ್ಲಿ ಸೈಕಲ್ ತುಳಿಯುವ ಹುಡುಗ ಹ್ಯಾಂಡಲ್ ಮೇಲೆ ಬಾಗುವುದು ಇದೇ ಕಾರಣಕ್ಕೆ.

ಇದನ್ನು ತಗ್ಗಿಸಲು ವಿಮಾನದ ಒಡಲನ್ನು ಮೀನಿನಂತೆ ಹಿಂದಕ್ಕೆ ಸಪೂರ ಮಾಡಿದರು. ಚಕ್ರಗಳನ್ನು ಒಳಗೆ ಮಡಚಿದರು. ರಿವೆಟ್‌ಗಳ ತಲೆಯನ್ನು ತಗಡಿನ ಮಟ್ಟಕ್ಕೆ ಇಳಿಸಿದರು. ಇಳಕಲ್ಲಿನ ಕೆಂಪು ಗ್ರಾನೈಟನ್ನು ಪಾಲಿಶ್‌ಗೆ ಮೊದಲು ಮತ್ತು ಆಮೇಲೆ ಮುಟ್ಟಿ ನೋಡಿದವರಿಗೆ ನುಣುಪಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಘರ್ಷಣೆ ಹುಟ್ಟುವುದು ಮೈಗೆ ಅಂಟಿದ ತೆಳ್ಳನೆಯ ಗಾಳಿಪದರದಲ್ಲಿ ಎಂದು 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ತಿಳಿಸಿದರು. ಆದರೆ ಲೆಕ್ಕ ಹಾಕುವುದು ಬೇರೆ, ಅಳೆಯುವುದು ಬೇರೆ. 1920ರಲ್ಲಿ ಶ್ರೀನಗರದಲ್ಲಿ ಹುಟ್ಟಿ, ಲಾಹೋರಿನಲ್ಲಿ ಗಣಿತ, ಇಂಗ್ಲಿಷ್ ಸಾಹಿತ್ಯ, ಇಂಜಿನಿಯರಿಂಗ್ ಮೂರನ್ನೂ ಓದಿದ ಸತೀಶ್ ಧವನ್ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಈ ಅಳತೆಗೆ ಕೈಹಾಕಿದರು. ಚಪ್ಪಟೆ ಹಲಗೆಯಲ್ಲಿ ಒಂದು ಸಣ್ಣ ತುಂಡನ್ನು ಸಡಿಲವಾಗಿ ಕೂರಿಸಿ, ಗಾಳಿ ಅದನ್ನು ಎಳೆಯುವ ಬಲವನ್ನು ನೇರವಾಗಿ ಅಳೆದರು. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಶಬ್ದಾತೀತ ವೇಗದ ಗಾಳಿಸುರಂಗ ಕಟ್ಟಿದರು.

ಅದೇ ಊರಿನಲ್ಲಿ, ಕರ್ಟ್ ಟ್ಯಾಂಕ್ ಮಾರ್ಗದರ್ಶನದಲ್ಲಿ ಎಚ್‌ಎಎಲ್ ರೂಪಿಸಿದ 'ಮಾರುತ' ಯುದ್ಧವಿಮಾನ 1961ರ ಜೂನ್ 17ರಂದು ಹಾರಿತು. ಅದರ ಆಕಾರ ಬಹಳ ನಯವಾಗಿತ್ತು. ಆದರೂ ತಕ್ಕ ಎಂಜಿನ್ ಸಿಗದೆ, ಶಬ್ದದ ದುಪ್ಪಟ್ಟು ವೇಗದ ಗುರಿ ಕೈಗೂಡಲಿಲ್ಲ. ಎಳೆತವನ್ನು ತಗ್ಗಿಸಿದರಷ್ಟೇ ಸಾಲದು, ತಳ್ಳುವ ಬಲವೂ ಬೇಕು.

ಮುಂದೆ ಧವನ್ ಇಸ್ರೋ ಅಧ್ಯಕ್ಷರಾದರು. ರಾಮೇಶ್ವರದ ದೋಣಿ ಮಾಲೀಕರ ಮಗ ಅಬ್ದುಲ್ ಕಲಾಂ ಎಸ್‌ಎಲ್‌ವಿ-3 ರಾಕೆಟ್ ಯೋಜನೆಯ ನಿರ್ದೇಶಕರಾಗಿದ್ದರು. 1979ರ ಆಗಸ್ಟ್ 10ರಂದು ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರೆದುರು ಹೊಣೆ ಹೊತ್ತವರು ಧವನ್. 1980ರ ಜುಲೈ 18ರಂದು ಅದು ಗೆದ್ದಾಗ ಪತ್ರಕರ್ತರ ಮುಂದೆ ಅವರು ನಿಲ್ಲಿಸಿದ್ದು ಕಲಾಂರನ್ನು.

ಓದುಗರೇ, ನಮ್ಮ ಸಮುದಾಯದ ಶಿಕ್ಷಣಕ್ಕೂ ಎಳೆತಗಳಿವೆ. ಬಡತನ ಒಂದು, ಹತ್ತನೆಯ ತರಗತಿಗೇ ಓದು ಬಿಡಿಸುವ ರೂಢಿ ಇನ್ನೊಂದು, ಹಳೆಯ ವೈಭವವನ್ನು ನೆನೆದು ತೃಪ್ತರಾಗಿ ಕೂರುವುದು ಮತ್ತೊಂದು. ಬಾಗಲಕೋಟೆಯಲ್ಲೇ 1963ರಿಂದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇದೆ. ನಮ್ಮ ಮನೆಗಳ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಇಂಥ ಬಾಗಿಲುಗಳನ್ನು ತಟ್ಟಲಿ. ಇಬ್ನ್ ಫಿರ್ನಾಸರ ಧೈರ್ಯ ನಮಗೆ ಬೇಕು. ಧವನ್‌ರಂತೆ ತಾಳ್ಮೆಯಿಂದ ಅಳೆದು ನೋಡುವ ಬುದ್ಧಿಯೂ ಅಷ್ಟೇ ಬೇಕು.