ಹಾಲಿ ಸಿಕ್ಕ, ಕಲದಾರ ಮತ್ತು ಮನೆಯ ತಾಮ್ರ: ಕಲ್ಯಾಣ–ಹುಮನಾಬಾದಗಳ ವ್ಯಾಪಾರ, 1939–1948

ಕಲ್ಯಾಣವೆಂದೊಡನೆ ಇತಿಹಾಸದ ವಿದ್ಯಾರ್ಥಿಯ ಮನಸ್ಸು ಹನ್ನೆರಡನೆಯ ಶತಮಾನಕ್ಕೆ ಹೋಗುವುದು ಸಹಜ. ಅದೇ ಊರಿನ ಅಂಗಡಿಬೀದಿಯು ಇಪ್ಪತ್ತನೆಯ ಶತಮಾನದಲ್ಲಿ ಕಂಡ ಕಷ್ಟವನ್ನು ಕುರಿತು ನಾವು ಬರೆದುದು ಅತ್ಯಲ್ಪ.

ಎರಡನೆಯ ಮಹಾಯುದ್ಧ ಆರಂಭವಾದಾಗ ಈ ಎರಡು ಊರುಗಳೂ ನಿಜಾಮ ಸಂಸ್ಥಾನಕ್ಕೆ ಸೇರಿದ್ದವು. ಕಲ್ಯಾಣವು ನವಾಬರ ಜಹಗೀರು. ಸೊಲ್ಲಾಪುರ–ಹೈದರಾಬಾದ ರಸ್ತೆಯು ಹುಮನಾಬಾದದ ಮೂಲಕ ಹಾಯುತ್ತದೆ. ಸೊಲ್ಲಾಪುರವು ಬ್ರಿಟಿಷ್ ಮುಂಬಯಿ ಪ್ರಾಂತದ ಗಿರಣಿಪಟ್ಟಣ. ಅಲ್ಲಿ ಕಲದಾರ ರೂಪಾಯಿ, ಇಲ್ಲಿ ನಿಜಾಮರ ಹಾಲಿ ಸಿಕ್ಕ. 100 ಕಲದಾರಕ್ಕೆ 116 ಹಾಲಿ ರೂಪಾಯಿ, 10 ಆಣೆ, 8 ಪೈ ಎಂಬುದು ಸರಕಾರಿ ದರ. ವರ್ತಕರ ಬಾಯಿಲೆಕ್ಕದಲ್ಲಿ 6ಕ್ಕೆ 7. ಸೊಲ್ಲಾಪುರದಲ್ಲಿ 60 ಕಲದಾರ ಕೊಟ್ಟು ಕೊಂಡ ಹಾಸುಹೊದಿಕೆಯ ಕಟ್ಟು ಇಲ್ಲಿ 70 ಹಾಲಿಯಾಗುತ್ತಿತ್ತು. ಅದರ ಮೇಲೆ ಕರೋಡಗಿರಿ ಶಾಖೆಯ ಹಳೆಯ ದರದಂತೆ ಶೇಕಡಾ 5 ಸುಂಕ ಹಿಡಿದರೆ 73 ರೂಪಾಯಿ 8 ಆಣೆ. ಲಾಭದ ಮಾತು ಅನಂತರದ್ದು.

ಯುದ್ಧವು ಈ ಲೆಕ್ಕವನ್ನು ಒಳಗಿನಿಂದಲೇ ಸಡಿಲಿಸಿತು. ಶೇಕಡಾ 81.8ರಷ್ಟು ಬೆಳ್ಳಿಯಿದ್ದ ಹಾಲಿ ರೂಪಾಯಿ ಯುದ್ಧದ ನಡುವೆ ಶೇಕಡಾ 50ಕ್ಕೆ ಇಳಿಯಿತು. ನಡುವೆ ತೂತುಳ್ಳ ಕಂಚಿನ ಚಿಲ್ಲರೆ ಬಂದಿತು. ಬ್ರಿಟಿಷ್ ಇಂಡಿಯದಲ್ಲಿಯೂ 1940ರಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿದಿತ್ತು. ನಾಣ್ಯ ಹೀಗೆ ಹಗುರಾದಾಗ ಗೃಹಿಣಿಯ ಹಂಡೆ, ಕೊಡ, ಪರಾತಗಳು ಬರಿಯ ಪಾತ್ರೆಗಳಾಗಿ ಉಳಿಯುವುದಿಲ್ಲ. ತೂಕಕ್ಕೆ ಮಾರಬಹುದಾದ, ಅಡವಿಡಬಹುದಾದ ತಾಮ್ರ ಹಿತ್ತಾಳೆಗಳೇ ಮನೆಯ ಠೇವಣಿ. ಅವಕ್ಕೆ ಯಾವ ಸರಕಾರದ ಮುದ್ರೆಯೂ ಬೇಕಿಲ್ಲವೆಂಬುದೇ ಅವುಗಳ ಬಲವೆಂದು ನನ್ನ ಅಭಿಪ್ರಾಯ.

ನಿಜವಾದ ಪೆಟ್ಟು ಬಿದ್ದುದು ಮಹಾಯುದ್ಧ ಮುಗಿದ ಮೇಲೆ. 1947ರ ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಲ್ಲೇ ಸಂಸ್ಥಾನದ ಸರಕಾರವು ಎರಡು ಆರ್ಡಿನೆನ್ಸುಗಳನ್ನು ಹೊರಡಿಸಿತು: ಒಂದು, ಭಾರತದ ನಾಣ್ಯವು ಸಂಸ್ಥಾನದೊಳಗೆ ಕಾನೂನುಬದ್ಧವಲ್ಲವೆಂದು, ಇನ್ನೊಂದು, ಚಿನ್ನ ಬೆಳ್ಳಿಗಳ ರಫ್ತಿಗೆ ಕಡಿವಾಣ. ದಿಲ್ಲಿಯಲ್ಲಿ ಇವನ್ನು ರಾಜಕೀಯ ಪ್ರಶ್ನೆಯೆಂದು ಚರ್ಚಿಸಿದರು. ಸೊಲ್ಲಾಪುರಕ್ಕೆ ಕಲದಾರದಲ್ಲಿ ಬಾಕಿ ತೀರಿಸಬೇಕಾದ ಹುಮನಾಬಾದದ ಅಂಗಡಿಕಾರನಿಗೆ ಅದು ನಾಳೆಯ ಸರಕಿನ ಪ್ರಶ್ನೆ. 1948ರಲ್ಲಿ ಭಾರತದ ಕಡೆಯಿಂದ ಆರ್ಥಿಕ ದಿಗ್ಬಂಧನವೂ ಸೇರಿತು.

ಅದೇ ವರ್ಷದ ಮೇ ತಿಂಗಳಲ್ಲಿ ಕಲ್ಯಾಣದ ಸೀಮೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸಪ್ಟೆಂಬರ್ 13ರಂದು ಭಾರತದ ಸೈನ್ಯವು ಸರಕಿನ ಗಾಡಿಗಳು ಓಡಾಡುತ್ತಿದ್ದ ಆ ಸೊಲ್ಲಾಪುರ ರಸ್ತೆಯಲ್ಲಿಯೇ ನಳದುರ್ಗ, ಉಮರ್ಗಾ, ರಾಜೇಶ್ವರಗಳ ಕಡೆಯಿಂದ ಮುನ್ನಡೆಯಿತು. ಅನಂತರದ ವಾರಗಳಲ್ಲಿ ಮುಸಲ್ಮಾನರ ಮನೆಗಳೂ ಅಂಗಡಿಗಳೂ ಲೂಟಿಯಾದುವು. ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಈ ಎರಡು ಸಂಗತಿಗಳಲ್ಲಿ ಒಂದನ್ನು ಮಾತ್ರ ಹೇಳುವ ಅಭ್ಯಾಸ ನಮ್ಮಲ್ಲಿದೆ. ಲೂಟಿಯಾದ ಹಂಡೆ ಎರಡೂ ಕಡೆಯವರದಾಗಿತ್ತು.

ಸಂಸ್ಥಾನ ಅಳಿದರೂ ಹಾಲಿ ಸಿಕ್ಕ ಕೆಲವು ವರ್ಷ ಚಲಾವಣೆಯಲ್ಲಿ ಉಳಿಯಿತು. ಹಳೆಯ ಸಾಲಗಳನ್ನು ಆಗಲೂ 6ಕ್ಕೆ 7ರಂತೆಯೇ ಎಣಿಸಬೇಕಾಗಿತ್ತು.