ಲಾ ಓದಲು ಊರು ಬಿಟ್ಟವರು

ಜಿಲ್ಲಾ ಕೇಂದ್ರದಲ್ಲಿ ಲಾ ಕಾಲೇಜಿನ ಬೋರ್ಡು ಕಾಣುವುದು ಈಗ ದೊಡ್ಡ ವಿಷಯವಲ್ಲ. ಡಿಗ್ರಿ ಮುಗಿಸಿ ಏನು ಮಾಡುವುದೆಂದು ತೋಚದಿದ್ದರೆ 'ಲಾ ಸೇರಿಕೋ' ಎಂದು ಮನೆಯವರೇ ಹೇಳುವಷ್ಟು ಅದು ಹತ್ತಿರ ಬಂದಿದೆ. ಕನ್ನಡ ಮಾತನಾಡುವ ಊರುಗಳಿಗೆ ಮಾತ್ರ ಈ ಹತ್ತಿರ ಬಹಳ ತಡವಾಗಿ ಬಂತು. ಮೊದಲ ವರ್ಷದ ಕಾನೂನು ವಿದ್ಯಾರ್ಥಿ ಎಂದರೆ ನಮ್ಮಲ್ಲಿ ಬಹಳ ಕಾಲ ಊರು ಬಿಟ್ಟವನು ಎಂದೇ ಅರ್ಥವಾಗಿತ್ತು.

ಮುಂಬಯಿಯ ಸರ್ಕಾರಿ ಲಾ ಕಾಲೇಜು 1855ರದು. ಮದ್ರಾಸಿನದು 1891ರದು. ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯ 1916ರಲ್ಲೇ ಬಂದರೂ ಬೆಂಗಳೂರಿನ ಸರ್ಕಾರಿ ಲಾ ಕಾಲೇಜು ಶುರುವಾದದ್ದು 1948ರಲ್ಲಿ. ಅಲ್ಲಿಯ ತನಕ ಇಲ್ಲಿ ಬಿಎ ಮುಗಿಸಿದ ಹುಡುಗರು ವಕೀಲರಾಗಬೇಕೆಂದರೆ ರೈಲು ಹತ್ತುತ್ತಿದ್ದರು. ಹೆಚ್ಚಿನವರ ಟಿಕೆಟ್ಟು ಪುಣೆಗೆ, ಇಲ್ಲವೇ ಮದ್ರಾಸಿಗೆ. ಚಿತ್ರದುರ್ಗದಲ್ಲಿ ವಕೀಲಿ ಮಾಡಿದ ಎಸ್. ನಿಜಲಿಂಗಪ್ಪ ಪುಣೆಯಲ್ಲಿ ಲಾ ಓದಿದವರು. ರಾಮನಗರ ಕಡೆಯ ಕೆಂಗಲ್ ಹನುಮಂತಯ್ಯ ಕೂಡ ಅಲ್ಲಿಯೇ. ಜಮಖಂಡಿಯ ಬಿ.ಡಿ. ಜತ್ತಿ ಕೊಲ್ಹಾಪುರದಲ್ಲಿ. ಮೂವರೂ ಮುಂದೆ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತರು. ಕನ್ನಡ ನಾಡನ್ನು ಒಂದು ಮಾಡಲು ಓಡಾಡಿದ ಆ ತಲೆಮಾರಿಗೆ ಕಾನೂನಿನ ಮೊದಲ ಪಾಠ ಆದದ್ದು ಮರಾಠಿ ಊರುಗಳ ಕಾಲೇಜಿನಲ್ಲಿ. ನಮಗೆ ಇದು ಬರೀ ಕಾಕತಾಳೀಯ ಎನಿಸುವುದಿಲ್ಲ. ನಾಡು ಹರಿದು ಹಂಚಿಹೋಗಿದೆ ಎಂಬುದು ಊರಲ್ಲಿ ಕೂತವನಿಗಿಂತ ಹಾಸ್ಟೆಲಿನಲ್ಲಿ ಕೂತವನಿಗೆ ಬೇಗ ತಿಳಿದಿರಬೇಕು.

ಕನ್ನಡ ನೆಲದಲ್ಲಿ ದಾರಿ ತೆರೆದ ಕಾಲೇಜು ಬೆಳಗಾವಿಯ ರಾಜಾ ಲಖಮಗೌಡ ಲಾ ಕಾಲೇಜು, 1939ರಲ್ಲಿ. ಅಲ್ಲಿಗೆ ಬಂದವರು ಸುತ್ತಲಿನ ಜಿಲ್ಲೆಯವರಷ್ಟೇ ಅಲ್ಲ. ಪಾಂಡವಪುರ ಸೀಮೆಯ ಇ.ಎಸ್. ವೆಂಕಟರಾಮಯ್ಯ ಮೈಸೂರಿನಲ್ಲಿ ಬಿಎ ಮಾಡಿ, ಪುಣೆ ಮತ್ತು ಬೆಳಗಾವಿಯಲ್ಲಿ ಕಾನೂನು ಓದಿದರು. 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಕಾವೇರಿ ಬಯಲಿನ ಹುಡುಗ ಲಾ ಕಾಲೇಜಿನ ಬೆಂಚು ಹುಡುಕಿಕೊಂಡು ರಾಜ್ಯದ ಇನ್ನೊಂದು ತುದಿಗೆ ಹೋಗಬೇಕಿತ್ತು. ಕರಾವಳಿಯವರಿಗೆ ಮದ್ರಾಸೇ ಗತಿ. ಉಡುಪಿಯ ವೈಕುಂಠ ಬಾಳಿಗಾ ಕಾಲೇಜು ಬಂದದ್ದು 1957ರಲ್ಲಿ, ರಾಜ್ಯ ಒಂದಾದ ಮಾರನೇ ವರ್ಷ.

ಕಲ್ಯಾಣ ಕರ್ನಾಟಕದ ಕಥೆ ಬೇರೆಯೇ. ಬೀದರ, ಕಲಬುರಗಿ, ರಾಯಚೂರು ಆಗ ನಿಜಾಮನ ಕೈಯಲ್ಲಿದ್ದವು. 1918ರಲ್ಲಿ ಶುರುವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಲಿಕೆಯ ಭಾಷೆ ಉರ್ದು. ಕಲೆ, ವಿಜ್ಞಾನ ಮಾತ್ರವಲ್ಲ, ಕಾನೂನು ಕೂಡ ಉರ್ದುವಿನಲ್ಲಿಯೇ. ಪುಸ್ತಕ ಬೇಕಲ್ಲ, ಅದಕ್ಕೆಂದೇ ಒಂದು ಅನುವಾದ ಇಲಾಖೆ ಕಟ್ಟಿದರು. ಇಂಗ್ಲಿಷ್ ಪುಸ್ತಕಗಳನ್ನು ಉರ್ದುವಿಗೆ ತಂದರು, ಇಲ್ಲದ ಪದಗಳನ್ನು ಕೂತು ಹುಟ್ಟಿಸಿದರು. ಕಾನೂನನ್ನು ನಮ್ಮ ದೇಶದ ಭಾಷೆಗಳಲ್ಲಿ ಕಲಿಸಲು ಆಗುವುದೇ ಇಲ್ಲ ಎಂದು ಇಂದಿಗೂ ಹೇಳುವವರಿದ್ದಾರೆ. ಅವರು ಈ ಮೂವತ್ತು ವರ್ಷದ ಪ್ರಯೋಗವನ್ನು ಒಮ್ಮೆ ನೋಡಬೇಕು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಅಲ್ಲಿಯೂ ಇಂಗ್ಲಿಷ್ ಬಂತು. ಆದರೆ ಅಲ್ಲಿಗೆ ಹೋದ ರಾಯಚೂರಿನ ಕನ್ನಡ ಹುಡುಗನಿಗೆ ಏನು ಸಿಕ್ಕಿತು? ಪುಣೆಗೆ ಹೋದವನಿಗೆ ಇಂಗ್ಲಿಷ್ ಪರಭಾಷೆ, ಇವನಿಗೆ ಉರ್ದು ಪರಭಾಷೆ. ಇಬ್ಬರೂ ಮನೆಯ ಮಾತನ್ನು ಹೊರಗೆ ಬಿಟ್ಟೇ ಕ್ಲಾಸಿನೊಳಗೆ ಹೋದರು.

ಇದರಲ್ಲೊಂದು ತಮಾಷೆಯಿದೆ. ಹಳ್ಳಿಯಿಂದ ಲಾ ಓದಲು ಬರುವವನಿಗೆ ಕೋರ್ಟಿನ ಮಾತು ಅರ್ಧ ಮೊದಲೇ ಗೊತ್ತಿರುತ್ತದೆ. ದಾವೆ, ಫಿರ್ಯಾದಿ, ವಕಾಲತ್ತು, ಕೈಫಿಯತ್ತು, ಜಾಮೀನು, ಅಮೀನ, ಶಿರಸ್ತೇದಾರ. ಪಾರ್ಸಿ, ಅರಬ್ಬಿಯಿಂದ ಸುಲ್ತಾನರ ಕಾಲದ ಆಡಳಿತದ ಮೂಲಕ ಬಂದು ನಮ್ಮ ಅಜ್ಜಿಯರ ಬಾಯಲ್ಲೂ ಉಳಿದ ಪದಗಳಿವು. ಪಹಣಿಯಲ್ಲಿ ಯಾರ ಹೆಸರಿದೆ, ಅಣ್ಣತಮ್ಮಂದಿರ ಪಾಲು ಎಲ್ಲಿ ಕೆಟ್ಟಿತು ಎಂಬುದನ್ನು ಮನೆಯ ಜಗುಲಿಯಲ್ಲೇ ಕೇಳಿ ಬೆಳೆದಿರುತ್ತಾನೆ. ಕಾಲೇಜಿನಲ್ಲಿ ಮೊದಲು ಸಿಗುವುದು ಮಾತ್ರ ಲಂಡನ್ನಿನ ಔಷಧಿ ಕಂಪನಿಯೊಂದರ ಜಾಹೀರಾತಿನ ಮೊಕದ್ದಮೆ.

ಮೊದಲ ಸೆಮಿಸ್ಟರಿನ ಕರಾರು ಕಾನೂನು, ಅಂದರೆ 1872ರ ಕಾಯಿದೆ, ಓದಿದ ಯಾರನ್ನೇ ಕೇಳಿ, ಲಾಲ್‌ಮನ್ ಶುಕ್ಲಾ ಹೆಸರು ಹೇಳುತ್ತಾರೆ. ಕಾನ್ಪುರದ ಗೌರಿ ದತ್ ಎಂಬ ಧಣಿಯ ಬಳಿ ಮುನೀಮನಾಗಿದ್ದವನು. ಧಣಿಯ ಸೋದರಳಿಯ ಮನೆ ಬಿಟ್ಟು ಓಡಿಹೋದಾಗ ಹುಡುಕಲು ಇವನನ್ನು ಹರಿದ್ವಾರದ ಕಡೆ ಕಳಿಸಿದರು. ಇವನು ಹೋದ ಮೇಲೆ ಧಣಿ ಕರಪತ್ರ ಹಂಚಿಸಿದ: ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ. ಹುಡುಕಿದ್ದು ಶುಕ್ಲಾನೇ. ಆಮೇಲೆ ಕೆಲಸವೂ ಹೋಯಿತು. ಬಹುಮಾನ ಕೊಡಿ ಎಂದು ದಾವೆ ಹಾಕಿದ, 1913ರಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿ ಸೋತ. ಪ್ರಸ್ತಾಪ ಗೊತ್ತಿಲ್ಲದೆ ಒಪ್ಪಿಗೆ ಕೊಡಲಾಗದು, ಹುಡುಕುವುದು ಹೇಗೂ ಅವನ ಕೆಲಸವೇ ಆಗಿತ್ತು ಎಂದಿತು ಕೋರ್ಟು. ತರ್ಕ ಸರಿಯಾಗಿಯೇ ಇದೆ. ಆದರೂ ಕೂಲಿಗೆ ಹೋಗುವ ಮನೆಯ ಹುಡುಗಿ ಇದನ್ನು ಓದುವಾಗ ಧಣಿಯ ಪರ ಮಾರ್ಕ್ಸ್ ಬರುವ ಉತ್ತರ ಬರೆಯಬೇಕು. ಕಾನೂನು ಮತ್ತು ನ್ಯಾಯ ಎರಡು ಬೇರೆ ಪದ ಎಂದು ಬಹಳ ಜನರಿಗೆ ಗೊತ್ತಾಗುವುದು ಈ ಪುಟದಲ್ಲಿ. ಹುಡುಗಿ ಎಂದದ್ದಕ್ಕೆ ಇನ್ನೊಂದು ಮಾತು: ಹೆಂಗಸರು ವಕೀಲರಾಗಲು ಅಡ್ಡಿಯಿಲ್ಲ ಎಂದು ಕಾಯಿದೆ ಆದದ್ದು 1923ರಲ್ಲಿ. ಪದವಿ ಇದ್ದರೂ ಅದಕ್ಕೆ ಮುಂಚೆ ಹೈಕೋರ್ಟುಗಳು ಬಾಗಿಲಲ್ಲೇ ತಡೆದದ್ದುಂಟು.

ದೂರದ ತೊಂದರೆ ತೀರುತ್ತಿದ್ದಂತೆ ಬೇರೊಂದು ಬಂತು. ರಾಜ್ಯ ವಿಧಾನಮಂಡಲದ ಕಾಯಿದೆಯಿಂದಲೇ ಹುಟ್ಟಿದ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1988ರಲ್ಲಿ ಐದು ವರ್ಷದ ಕೋರ್ಸಿಗೆ ಮೊದಲ ತಂಡವನ್ನು ಸೇರಿಸಿಕೊಂಡಿತು. ದೇಶದ ಕಾನೂನು ಶಿಕ್ಷಣವನ್ನೇ ಅದು ಬದಲಿಸಿತು, ಅದರಲ್ಲಿ ಅನುಮಾನವಿಲ್ಲ. 2008ರಿಂದ ಅದಕ್ಕೂ ಅಂಥ ಇತರ ಕಾಲೇಜುಗಳಿಗೂ ಒಂದೇ ಪ್ರವೇಶ ಪರೀಕ್ಷೆ, ಕ್ಲ್ಯಾಟ್. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಅಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸೀಟು ಮೀಸಲಿಡಲು ಸರ್ಕಾರ 2020ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟು ಅದೇ ವರ್ಷ ರದ್ದು ಮಾಡಿತು. ಪಾಂಡವಪುರದಿಂದ ಬೆಳಗಾವಿಗೆ ಹೋದ ಹುಡುಗನಿಗೆ ಬೇಕಿದ್ದದ್ದು ರೈಲು ಚಾರ್ಜು. ಇಂದು ಅದೇ ತಾಲ್ಲೂಕಿನ ಹುಡುಗನಿಗೆ ಆ ಪರೀಕ್ಷೆಗೆ ಬೇಕಾದದ್ದು ಕೋಚಿಂಗ್ ಫೀಸು ಮತ್ತು ಒಂದನೇ ಕ್ಲಾಸಿನಿಂದ ಇಂಗ್ಲಿಷ್.

ಉಳಿದವರಿಗೆ ಇರುವುದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, 2009ರಲ್ಲಿ ಸ್ಥಾಪನೆಯಾದದ್ದು. ಅದರ ಕೆಳಗಿನ ಕಾಲೇಜುಗಳಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. 'ಕನ್ಸಿಡರೇಷನ್' ಎಂದರೆ ಪ್ರತಿಫಲ ಎಂದು ತಿಳಿದ ದಿನ ಹುಡುಗರ ಮುಖ ಅರಳುವುದನ್ನು ನಾವು ನೋಡಿದ್ದೇವೆ. ನಾಲ್ಕು ಸಲ ವಾಯಿದೆ ಬಿದ್ದರೂ ತನ್ನ ಕೇಸಿನಲ್ಲಿ ಏನಾಯಿತೆಂದು ತಿಳಿಯದೆ ತಾಲ್ಲೂಕು ಕೋರ್ಟಿನ ಹೊಂಗೆ ಮರದಡಿ ಕೂತಿರುವ ರೈತನಿಗೆ ಅದನ್ನು ಬಿಡಿಸಿ ಹೇಳುವವರು ಇವರ ಪೈಕಿಯೇ ಬರಬೇಕು.

ಇವರ ಅದೃಷ್ಟವೋ ಏನೋ, 2024ರ ಜುಲೈ 1ರಿಂದ 1860ರ ದಂಡ ಸಂಹಿತೆ ಹೋಗಿ ಹೊಸದು ಬಂದಿದೆ. ಕೊಲೆಯ 302 ಈಗ 103. ಬೈಗುಳವೇ ಆಗಿಹೋಗಿದ್ದ 420 ಈಗ 318. ನಲವತ್ತು ವರ್ಷ ಬಾಯಿಪಾಠವಾಗಿದ್ದ ನಂಬರುಗಳನ್ನು ಹಿರಿಯ ವಕೀಲರು ಹೊಸದಾಗಿ ಹುಡುಕುತ್ತಿದ್ದಾರೆ. 'ಏನಪ್ಪಾ, ಈಗ ಇದು ಎಷ್ಟನೇ ಸೆಕ್ಷನ್ನು?' ಎಂದು ಆಫೀಸಿಗೆ ಫೈಲು ಜೋಡಿಸಲು ಬರುವ ಫಸ್ಟ್ ಇಯರ್ ಹುಡುಗನನ್ನು ಕೇಳುತ್ತಾರೆ. ಅವನು ಮೊಬೈಲು ನೋಡದೆ ಹೇಳುತ್ತಾನೆ.