ಇಂಡಿಯನ್ ಲಿಟರೇಚರ್ (ನಿಯತಕಾಲಿಕೆ)

ಇಂಡಿಯನ್ ಲಿಟರೇಚರ್ ಕೇಂದ್ರ ಸಾಹಿತ್ಯ ಅಕಾಡೆಮಿಯು ನವದೆಹಲಿಯಿಂದ ಪ್ರಕಟಿಸುವ ಇಂಗ್ಲಿಷ್ ಭಾಷೆಯ ದ್ವೈಮಾಸಿಕ ಸಾಹಿತ್ಯ ಪತ್ರಿಕೆ. ಇದು 1957ರಲ್ಲಿ ಆರಂಭವಾಯಿತು. ಭಾರತೀಯ ಭಾಷೆಗಳ ಕೃತಿಗಳ ಇಂಗ್ಲಿಷ್ ಅನುವಾದಗಳು ಹಾಗೂ ಭಾರತೀಯ ಲೇಖಕರು ಇಂಗ್ಲಿಷಿನಲ್ಲಿಯೇ ರಚಿಸಿದ ಬರಹಗಳು ಇದರಲ್ಲಿ ಪ್ರಕಟವಾಗುತ್ತವೆ.

ಇತಿಹಾಸ

ಸಾಹಿತ್ಯ ಅಕಾಡೆಮಿಯು 1954ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಜವಾಹರಲಾಲ್ ನೆಹರು ಅದರ ಮೊದಲ ಅಧ್ಯಕ್ಷರಾಗಿದ್ದರು. ಹಲವು ಭಾಷೆಗಳಲ್ಲಿ ರಚನೆಯಾದರೂ ಭಾರತೀಯ ಸಾಹಿತ್ಯವು ಒಂದೇ ಎಂಬುದು ಅಕಾಡೆಮಿಯ ಧ್ಯೇಯ. ಈ ಧ್ಯೇಯಕ್ಕೆ ಅನುಗುಣವಾಗಿ, ಒಂದು ಭಾಷೆಯ ಸಾಹಿತ್ಯವನ್ನು ಇತರ ಭಾಷೆಗಳ ಓದುಗರಿಗೆ ತಲುಪಿಸುವ ಕೆಲಸವನ್ನು ಪತ್ರಿಕೆಯು ಕೈಗೊಂಡಿತು. ಮೊದಲು ಅರ್ಧವಾರ್ಷಿಕವಾಗಿದ್ದ ಇದು ಅನಂತರ ತ್ರೈಮಾಸಿಕವಾಗಿ, ಮುಂದೆ ದ್ವೈಮಾಸಿಕವಾಯಿತು.

ಸ್ವರೂಪ

ಕವಿತೆ, ಸಣ್ಣಕತೆ, ನಾಟಕ, ವಿಮರ್ಶೆ, ಸಂದರ್ಶನ ಮತ್ತು ಪುಸ್ತಕ ವಿಮರ್ಶೆಗಳು ಪತ್ರಿಕೆಯಲ್ಲಿರುತ್ತವೆ. ಭಾರತದ ವಿವಿಧ ಭಾಷೆಗಳಲ್ಲಿ ಆಯಾ ವರ್ಷ ಪ್ರಕಟವಾದ ಸಾಹಿತ್ಯದ ಸಮೀಕ್ಷೆಗಳನ್ನು ಇದು ಹಲವು ದಶಕಗಳ ಕಾಲ ಪ್ರಕಟಿಸಿತು. ಆಯಾ ಕಾಲದ ಸಾಹಿತ್ಯ ಚರಿತ್ರೆಯನ್ನು ಅಧ್ಯಯನ ಮಾಡುವವರಿಗೆ ಈ ಸಮೀಕ್ಷೆಗಳು ಉಪಯುಕ್ತ ಆಕರಗಳಾಗಿವೆ.

ಇಂಗ್ಲಿಷಿನ ಪಾತ್ರ

ಅಕಾಡೆಮಿಯು 24 ಭಾಷೆಗಳಿಗೆ ಮಾನ್ಯತೆ ನೀಡಿದೆ: ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳು, ಇಂಗ್ಲಿಷ್ ಮತ್ತು ರಾಜಸ್ಥಾನಿ. ಆದ್ದರಿಂದ ಪತ್ರಿಕೆಯಲ್ಲಿ ಇಂಗ್ಲಿಷಿಗೆ ಎರಡು ಸ್ಥಾನಗಳಿವೆ. ಅದು ಸ್ವತಃ ಒಂದು ಭಾರತೀಯ ಸಾಹಿತ್ಯಭಾಷೆ. ಜೊತೆಗೆ ಉಳಿದ ಭಾಷೆಗಳ ನಡುವಿನ ಸೇತುವೆ. ಮಣಿಪುರಿಯಿಂದ ಕನ್ನಡಕ್ಕೆ ನೇರವಾಗಿ ಅನುವಾದಿಸಬಲ್ಲವರು ವಿರಳ. ಇಂತಹ ಸಂದರ್ಭಗಳಲ್ಲಿ ಇಂಗ್ಲಿಷ್ ಅನುವಾದವೇ ಮತ್ತೊಂದು ಅನುವಾದಕ್ಕೆ ಆಧಾರವಾಗುತ್ತದೆ. ಇದರಿಂದ ಕೃತಿಯು ದೂರದ ಓದುಗರನ್ನು ತಲುಪುತ್ತದೆಯಾದರೂ ಮೂಲದ ನುಡಿಗಟ್ಟು, ಆಡುಮಾತಿನ ಸೊಗಡು ಮತ್ತು ಲಯಗಳು ಎರಡು ಬಾರಿ ಭಾಷಾಂತರಕ್ಕೆ ಒಳಗಾಗುತ್ತವೆ. ಇಂಗ್ಲಿಷಿಗೆ ಅನುವಾದವಾಗದ ಕೃತಿಯು ತನ್ನ ಭಾಷೆಯ ಹೊರಗೆ ಅಪರಿಚಿತವಾಗಿಯೇ ಉಳಿಯುವ ಸಾಧ್ಯತೆಯೂ ಇದೆ. ಹೀಗಾಗಿ ಅನುವಾದಕ್ಕೆ ಕೃತಿಗಳನ್ನು ಆರಿಸುವ ಸಂಪಾದಕರ ಮತ್ತು ಅನುವಾದಕರ ಹೊಣೆ ದೊಡ್ಡದು.

ಸಂಪಾದಕರು ಮತ್ತು ಕನ್ನಡದ ನಂಟು

ಮಲಯಾಳಂ ಕವಿ ಕೆ. ಸಚ್ಚಿದಾನಂದನ್ 1992ರಲ್ಲಿ ಪತ್ರಿಕೆಯ ಸಂಪಾದಕರಾದರು. 1996ರಲ್ಲಿ ಅಕಾಡೆಮಿಯ ಕಾರ್ಯದರ್ಶಿಯಾದರು. ಕನ್ನಡದ ಕವಿ, ನಾಟಕಕಾರ ಎಚ್. ಎಸ್. ಶಿವಪ್ರಕಾಶ್ ಅವರೂ ಇದರ ಸಂಪಾದಕರಾಗಿದ್ದರು. ಕನ್ನಡದ ಲೇಖಕರಾದ ವಿ. ಕೃ. ಗೋಕಾಕ್, ಯು. ಆರ್. ಅನಂತಮೂರ್ತಿ ಮತ್ತು ಚಂದ್ರಶೇಖರ ಕಂಬಾರರು ಅಕಾಡೆಮಿಯ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದ್ದಾರೆ.

ಲಭ್ಯತೆ

ಪತ್ರಿಕೆಯ ಹಳೆಯ ಸಂಚಿಕೆಗಳು ಜೆಸ್ಟೋರ್ ಅಂತರಜಾಲ ಸಂಗ್ರಹದಲ್ಲಿ ದೊರೆಯುತ್ತವೆ. ತೌಲನಿಕ ಸಾಹಿತ್ಯ ಮತ್ತು ಅನುವಾದ ಅಧ್ಯಯನದ ವಿದ್ಯಾರ್ಥಿಗಳು ಇವುಗಳ ನೆರವಿನಿಂದ 1957ರಿಂದೀಚೆಗೆ ಯಾವ ಭಾಷೆಯ ಯಾವ ಕೃತಿಗಳು ಇಂಗ್ಲಿಷಿಗೆ ಬಂದವು ಎಂಬುದನ್ನು ಗುರುತಿಸಬಹುದು.